ಎಂಜಿನಿಯರಿಂಗ್‌ಗೆ ಪರ್ಯಾಯವಾಗಿ ಬಿಸಿಎ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಮಾರನೆಯ ದಿನದಿಂದ ಗ್ರಾಮ ಪಂಚಾಯಿತಿ ಕಚೇರಿಗೆ ಬರುವವರ ಮುಖಗಳು ಬದಲಾಗುತ್ತವೆ. ನೀರಿನ ಕಂದಾಯ, ಖಾತೆ ಬದಲಾವಣೆಯ ಅರ್ಜಿದಾರರ ನಡುವೆ ಮಕ್ಕಳ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದ ತಂದೆ ತಾಯಂದಿರು ಕಾಣಿಸಿಕೊಳ್ಳುತ್ತಾರೆ. ಅವರು ಬರುವುದು ಯಾವುದೋ ದೃಢೀಕರಣಕ್ಕೆ, ಆದರೆ ಹೊರಡುವ ಮುನ್ನ ತಮ್ಮ ವಾರ್ಡಿನ ಸದಸ್ಯರನ್ನು ಒಂದು ಮಾತು ಕೇಳಿಯೇ ಕೇಳುತ್ತಾರೆ: "ಎಂಜಿನಿಯರಿಂಗ್ ಮಾಡಿಸೋಣ ಅಂತ ಇದ್ದೀವಿ. ದುಡ್ಡು ಹೊಂದಿಸೋದು ಕಷ್ಟ. ಬಿಸಿಎ ಮಾಡಿಸಿದರೆ ಆಗುತ್ತಾ?"

ಈ ಪ್ರಶ್ನೆಗೆ ಸದಸ್ಯರು ಕೊಡುವ ಉತ್ತರಕ್ಕೆ ಅವರು ಭಾವಿಸಿರುವುದಕ್ಕಿಂತ ಹೆಚ್ಚಿನ ತೂಕವಿದೆ. ಅದರ ಮೇಲೆ ಒಂದು ಎಕರೆ ಜಮೀನು ಒತ್ತೆ ಬೀಳಬಹುದು, ಅಥವಾ ಮಗಳ ಓದು ಪಿಯುಸಿಗೇ ನಿಲ್ಲಬಹುದು. ಆದುದರಿಂದ ಬಿಸಿಎ ಎಂದರೇನು, ಯಾರಿಗೆ ಅದು ಎಂಜಿನಿಯರಿಂಗ್‌ಗೆ ನಿಜವಾದ ಪರ್ಯಾಯ, ಯಾರಿಗೆ ಅಲ್ಲ ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ. ಇದನ್ನು ಬರೆಯುತ್ತಿರುವವನು ಎಂಜಿನಿಯರಿಂಗ್ ಪದವೀಧರನೇ. ಆ ಪದವಿಯ ಬಗ್ಗೆ ಅಸಡ್ಡೆಯಿಂದ ಈ ಮಾತುಗಳನ್ನು ಬರೆದಿಲ್ಲ.

ಬಿಸಿಎ ಎಂದರೆ ಟೈಪಿಂಗ್ ಅಲ್ಲ

ಬಿಸಿಎ ಎಂದರೆ ಬ್ಯಾಚುಲರ್ ಆಫ್ ಕಂಪ್ಯೂಟರ್ ಅಪ್ಲಿಕೇಷನ್ಸ್, ಅಂದರೆ ಗಣಕಯಂತ್ರದ ಅನ್ವಯಿಕೆಗಳನ್ನು ಕುರಿತ ಪದವಿ. ಹಳ್ಳಿಗಳಲ್ಲಿ ಇದನ್ನು "ಕಂಪ್ಯೂಟರ್ ಕೋರ್ಸ್" ಎಂದು ಕರೆಯುವುದು ರೂಢಿಯಾಗಿ, ತಾಲ್ಲೂಕು ಕೇಂದ್ರದ ಮಹಡಿಯ ಮೇಲೆ ಮೂರು ತಿಂಗಳಲ್ಲಿ ಕಲಿಸುವ ಟೈಪಿಂಗ್, ಟ್ಯಾಲಿಗಳ ಸಾಲಿಗೆ ಇದನ್ನೂ ಸೇರಿಸುವ ತಪ್ಪು ತಿಳಿವಳಿಕೆ ಬೆಳೆದಿದೆ. ನಮ್ಮ ಕಚೇರಿಯಲ್ಲಿ ಡೇಟಾ ಎಂಟ್ರಿ ಆಪರೇಟರ್ ಮಾಡುವ ಕೆಲಸಕ್ಕಾಗಿ ಮೂರು ವರ್ಷ ಓದಬೇಕೇ ಎಂದು ಕೇಳಿದವರಿದ್ದಾರೆ. ಆ ಹುದ್ದೆಗೆ ಪದವಿಯೇ ಬೇಕಿಲ್ಲ.

ಸದಸ್ಯರಿಗೆ ಪರಿಚಿತವಾದ ಉದಾಹರಣೆಯಿಂದಲೇ ಇದನ್ನು ವಿವರಿಸಬಹುದು. ಪಂಚತಂತ್ರ ಮತ್ತು ಇ-ಸ್ವತ್ತು ತಂತ್ರಾಂಶಗಳನ್ನು ನಾವು ದಿನನಿತ್ಯ ಬಳಸುತ್ತೇವೆ. ಒಂದು ನಿವೇಶನದ ಇ-ಸ್ವತ್ತು ನಮೂನೆ ಸಿದ್ಧವಾಗುವಾಗ ಪರದೆಯ ಮೇಲೆ ವಿವರ ತುಂಬುವುದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಅದರ ಹಿಂದೆ ಮತ್ತೊಂದು ಲೋಕವಿದೆ. ಪ್ರತಿ ಆಸ್ತಿಯ ವಿವರವನ್ನು ಒಂದಕ್ಕೊಂದು ಬೆರೆಯದಂತೆ ಜೋಡಿಸಿಡುವ ದತ್ತಾಂಶ ಭಂಡಾರ, ಯಾರು ಯಾವ ಹಂತದಲ್ಲಿ ಅನುಮೋದಿಸಬೇಕು ಎಂಬ ನಿಯಮವನ್ನು ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆದ ಆದೇಶಗಳು, ಹಳ್ಳಿಯ ಕಚೇರಿಯಿಂದ ಬೆಂಗಳೂರಿನ ಸರ್ವರ್‌ವರೆಗೆ ಮಾಹಿತಿಯನ್ನು ಒಯ್ಯುವ ಜಾಲ, ಬೇರೆಯವರು ಒಳನುಗ್ಗದಂತೆ ಕಾಯುವ ಭದ್ರತೆ, ಇವೆಲ್ಲವೂ ಸೇರಿದಾಗ ಒಂದು ಅನ್ವಯಿಕೆ ಆಗುತ್ತದೆ. ಇವನ್ನು ಕಟ್ಟುವ, ಪರೀಕ್ಷಿಸುವ, ಕೆಟ್ಟಾಗ ಸರಿಪಡಿಸುವ ವಿದ್ಯೆಯೇ ಬಿಸಿಎ ಪಠ್ಯ. ಪ್ರೋಗ್ರಾಮಿಂಗ್ ಭಾಷೆಗಳು, ಡೇಟಾ ಸ್ಟ್ರಕ್ಚರ್, ದತ್ತಾಂಶ ನಿರ್ವಹಣೆ, ಆಪರೇಟಿಂಗ್ ಸಿಸ್ಟಂ, ನೆಟ್‌ವರ್ಕ್, ವೆಬ್ ತಂತ್ರಜ್ಞಾನ, ಸಾಫ್ಟ್‌ವೇರ್ ಎಂಜಿನಿಯರಿಂಗ್ ಇದರ ಮುಖ್ಯ ವಿಷಯಗಳು.

ಪದವಿಯ ಅವಧಿ ಮೂರು ವರ್ಷ, ಆರು ಸೆಮಿಸ್ಟರ್. ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 2021-22ರಿಂದ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಜಾರಿಗೆ ಬಂದಿತ್ತು. 2024-25ನೇ ಸಾಲಿನಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಅದೇ 2024-25ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಬಿಸಿಎ ಕೋರ್ಸನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಎರಡನೆಯ ಬದಲಾವಣೆಯ ಬಗ್ಗೆ ಪೋಷಕರಲ್ಲಿ ಹೆಚ್ಚು ತಿಳಿವಳಿಕೆ ಇಲ್ಲ. ಕಾಲೇಜಿನ ಆಯ್ಕೆಯ ಮಾತು ಬಂದಾಗ ಅದು ಉಪಯೋಗಕ್ಕೆ ಬರುತ್ತದೆ.

ಯಾವ ಎಂಜಿನಿಯರಿಂಗ್‌ಗೆ ಪರ್ಯಾಯ?

"ಎಂಜಿನಿಯರಿಂಗ್ ಒಳ್ಳೆಯದೋ ಬಿಸಿಎ ಒಳ್ಳೆಯದೋ" ಎಂಬ ಪ್ರಶ್ನೆಗೆ ಹಾಗೆಯೇ ಉತ್ತರ ಕೊಡಲಾಗದು. ಎಂಜಿನಿಯರಿಂಗ್ ಎಂಬುದು ಒಂದೇ ಓದಲ್ಲ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಹೀಗೆ ಶಾಖೆಗಳು ಬೇರೆ, ಅವುಗಳಿಂದ ದೊರೆಯುವ ಕೆಲಸಗಳೂ ಬೇರೆ. ಸೇತುವೆ, ಕೆರೆ ಏರಿ, ಕುಡಿಯುವ ನೀರಿನ ಯೋಜನೆಯ ವಿನ್ಯಾಸ ಮಾಡಬೇಕೆಂಬ ಆಸೆಯುಳ್ಳ ಹುಡುಗನಿಗೆ ಬಿಸಿಎ ಯಾವ ರೀತಿಯಲ್ಲೂ ಪರ್ಯಾಯವಲ್ಲ. ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಸಹಾಯಕ ಎಂಜಿನಿಯರ್ ಹುದ್ದೆಗೆ ಸಿವಿಲ್ ಪದವಿಯೇ ಬೇಕು. ವಿದ್ಯುತ್ ಸರಬರಾಜು ಕಂಪನಿಗಳ ಎಂಜಿನಿಯರ್ ಹುದ್ದೆಗಳಿಗೂ ಆಯಾ ಶಾಖೆಯ ಪದವಿಯೇ ಬೇಕು.

ಬಿಸಿಎ ಪರ್ಯಾಯವಾಗುವುದು ಕಂಪ್ಯೂಟರ್ ಸೈನ್ಸ್ ಮತ್ತು ಇನ್‌ಫರ್ಮೇಷನ್ ಸೈನ್ಸ್ ಶಾಖೆಗಳಿಗೆ ಮಾತ್ರ. ಅಲ್ಲಿಯೂ ಎರಡು ಓದುಗಳು ಪಡಿಯಚ್ಚಲ್ಲ. ಬಿ.ಇ. ಮೊದಲ ವರ್ಷದಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಎಂಜಿನಿಯರಿಂಗ್ ಡ್ರಾಯಿಂಗ್, ಇತರ ಶಾಖೆಗಳ ಪ್ರಾಥಮಿಕ ಪಾಠಗಳು ಬರುತ್ತವೆ. ಗಣಿತ ಎರಡನೆಯ ವರ್ಷಕ್ಕೂ ಮುಂದುವರಿಯುತ್ತದೆ. ಯಂತ್ರಾಂಶ, ಅಂದರೆ ಗಣಕದ ಒಳಗಿನ ವಿದ್ಯುನ್ಮಾನ ರಚನೆಯನ್ನೂ ಓದಬೇಕಾಗುತ್ತದೆ. ಬಿಸಿಎಯಲ್ಲಿ ಈ ಬುನಾದಿ ತೆಳುವು. ಮೊದಲ ಸೆಮಿಸ್ಟರಿನಿಂದಲೇ ಪ್ರೋಗ್ರಾಮಿಂಗ್ ಆರಂಭವಾಗುತ್ತದೆ, ಗಣಿತ ಒಂದೆರಡು ಪತ್ರಿಕೆಗಳಿಗೆ ಸೀಮಿತವಾಗಿರುತ್ತದೆ. ಗಣಿತದಲ್ಲಿ ಗಟ್ಟಿಯಾಗಿರುವ, ಮುಂದೆ ಸಂಶೋಧನೆಗೋ ಆಳವಾದ ತಂತ್ರಜ್ಞಾನಕ್ಕೋ ಹೋಗಬೇಕೆಂಬ ಮಗುವಿಗೆ ಒಳ್ಳೆಯ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಕೈಗೆಟುಕುವ ಶುಲ್ಕದಲ್ಲಿ ದೊರೆತರೆ ಎರಡನೆಯ ಯೋಚನೆ ಬೇಕಿಲ್ಲ, ಬಿ.ಇ. ಸೇರಲಿ.

ತೊಡಕು ಇರುವುದು ಆ ಸೀಟು ದೊರೆಯದ ಮನೆಗಳಲ್ಲಿ. ಸಿಇಟಿ ರ‍್ಯಾಂಕ್ ಹಿಂದೆ ಬಿದ್ದಿರುತ್ತದೆ. ಕಂಪ್ಯೂಟರ್ ಸೈನ್ಸ್ ಕೈತಪ್ಪಿ ಬೇರೊಂದು ಶಾಖೆ ಸಿಗುತ್ತದೆ. "ಯಾವುದಾದರೇನು, ಕೊನೆಗೆ ಸಾಫ್ಟ್‌ವೇರ್‌ಗೇ ಹೋಗುವುದು" ಎಂದು ಮಗುವಿಗೆ ಒಲವೇ ಇಲ್ಲದ ಶಾಖೆಗೆ ಸೇರಿಸುತ್ತಾರೆ. ಇಲ್ಲವೇ ಸಾಲ ಮಾಡಿ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಂಪ್ಯೂಟರ್ ಸೈನ್ಸ್ ಕೊಳ್ಳುತ್ತಾರೆ. ಮೊದಲನೆಯದರಲ್ಲಿ ನಾಲ್ಕು ವರ್ಷ ಬೇಡದ ವಿಷಯವನ್ನು ಓದಿ, ಬೇಕಾದುದನ್ನು ಸಂಜೆಯ ತರಬೇತಿ ಕೇಂದ್ರದಲ್ಲಿ ಮತ್ತೆ ದುಡ್ಡು ಕೊಟ್ಟು ಕಲಿಯಬೇಕಾಗುತ್ತದೆ. ಎರಡನೆಯದರಲ್ಲಿ ಮನೆಯ ಆಸ್ತಿ ಕರಗುತ್ತದೆ. ಗುರಿ ಸಾಫ್ಟ್‌ವೇರ್ ಕೆಲಸವೇ ಆಗಿದ್ದಲ್ಲಿ, ಈ ಎರಡು ಸ್ಥಿತಿಗಳಲ್ಲಿಯೂ ಒಳ್ಳೆಯ ಕಾಲೇಜಿನ ಬಿಸಿಎ ಉತ್ತಮ ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರವೇಶದ ಬಾಗಿಲುಗಳು

ಬಿ.ಇ.ಗೆ ಪಿಯುಸಿಯಲ್ಲಿ ವಿಜ್ಞಾನ ವಿಭಾಗ, ಅದರಲ್ಲೂ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ನಿಗದಿತ ಐಚ್ಛಿಕ ವಿಷಯಗಳಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 45, ಪರಿಶಿಷ್ಟ ಹಾಗೂ ಹಿಂದುಳಿದ ವರ್ಗದವರಿಗೆ ಶೇ. 40 ಅಂಕ ಇರಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯ ಅಂಕ ಮತ್ತು ಪಿಯುಸಿ ಅಂಕಗಳನ್ನು ಸಮಪಾಲಿನಲ್ಲಿ ಪರಿಗಣಿಸಿ ರ‍್ಯಾಂಕ್ ನೀಡಲಾಗುತ್ತದೆ. ನಮ್ಮ ಮಕ್ಕಳಿಗೆ ಇಲ್ಲಿ ಎರಡು ಅನುಕೂಲಗಳಿವೆ: ಗ್ರಾಮೀಣ ಪ್ರದೇಶದಲ್ಲಿ 1ರಿಂದ 10ನೇ ತರಗತಿಯವರೆಗೆ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ. ಇದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರು ಸಹಿ ಮಾಡಿದ, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಫಲಿತಾಂಶ ಬಂದ ಮೇಲೆ ಶಾಲೆಗೆ ಓಡುವ ಬದಲು ಜನವರಿ, ಫೆಬ್ರುವರಿಯಲ್ಲಿಯೇ ಇವನ್ನು ಮಾಡಿಸಿಟ್ಟುಕೊಳ್ಳುವಂತೆ ಹೇಳುವುದು ಸದಸ್ಯರು ಮಾಡಬಹುದಾದ ಸಣ್ಣ ಆದರೆ ದೊಡ್ಡ ಉಪಕಾರ.

ಬಿಸಿಎಗೆ ಸಿಇಟಿ ಇಲ್ಲ. ರಾಜ್ಯ ವಿಶ್ವವಿದ್ಯಾಲಯಗಳ ಕಾಲೇಜುಗಳಿಗೆ ಯುಯುಸಿಎಂಎಸ್ ಜಾಲತಾಣದ ಮೂಲಕ ಅರ್ಜಿ ಹಾಕಲಾಗುತ್ತದೆ. ವಿಜ್ಞಾನ ಓದಿರಲೇಬೇಕೆಂಬ ನಿಯಮವೂ ಎಲ್ಲೆಡೆ ಇಲ್ಲ. ಗ್ರಾಮೀಣ ಭಾಗದ ಎಷ್ಟೋ ಪದವಿಪೂರ್ವ ಕಾಲೇಜುಗಳಲ್ಲಿ ಕಲಾ ಮತ್ತು ವಾಣಿಜ್ಯ ವಿಭಾಗಗಳು ಮಾತ್ರ ಇರುವುದನ್ನು ಸದಸ್ಯರು ಬಲ್ಲರು. ಹತ್ತನೆಯ ತರಗತಿಯಲ್ಲಿ ಜಾಣೆಯಾಗಿದ್ದರೂ ವಿಜ್ಞಾನ ವಿಭಾಗವಿರುವ ಕಾಲೇಜು ದೂರವೆಂಬ ಒಂದೇ ಕಾರಣಕ್ಕೆ ವಾಣಿಜ್ಯ ಸೇರಿದ ಹುಡುಗಿಗೆ ಎಂಜಿನಿಯರಿಂಗ್ ಬಾಗಿಲು ಹದಿನಾರನೆಯ ವಯಸ್ಸಿನಲ್ಲಿಯೇ ಮುಚ್ಚಿಹೋಗಿರುತ್ತದೆ. ಬಿಸಿಎ ಬಾಗಿಲು ಮಾತ್ರ ತೆರೆದೇ ಇರುತ್ತದೆ. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರಗಳ ಜೊತೆ ಗಣಕವಿಜ್ಞಾನ ಓದಿದವರಿಗೆ ಆರಂಭ ಇನ್ನೂ ಸುಲಭ. ಆದರೆ ಗಣಿತವನ್ನೇ ಮುಟ್ಟದವರು ಮೊದಲ ವರ್ಷ ಕಷ್ಟಪಡುತ್ತಾರೆ, ಮತ್ತು ಮುಂದೆ ಎಂಸಿಎ ಪ್ರವೇಶಕ್ಕೆ ಪಿಯುಸಿ ಅಥವಾ ಪದವಿ ಹಂತದಲ್ಲಿ ಗಣಿತ ಓದಿರಬೇಕೆಂಬ ಷರತ್ತು ಅಡ್ಡ ಬರಬಹುದು. ಆದುದರಿಂದ ಆಯಾ ವಿಶ್ವವಿದ್ಯಾಲಯದ ಅರ್ಹತಾ ನಿಯಮವನ್ನು ಓದಿದ ಮೇಲೆಯೇ ಅರ್ಜಿ ಹಾಕಬೇಕು.

ಮೂರನೆಯ ದಾರಿಯೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರಬಹುದು. ಎಂಜಿನಿಯರೇ ಆಗಬೇಕೆಂಬ ಬಡ ಮನೆಯ ಮಗುವಿಗೆ ಇದಕ್ಕಿಂತ ಹದವಾದ ಹಾದಿ ನನಗೆ ತಿಳಿದಿಲ್ಲ. ಆದರೆ ಅದು ಹತ್ತನೆಯ ತರಗತಿಯ ಫಲಿತಾಂಶದ ಹೊತ್ತಿಗೇ ನಿರ್ಧರಿಸಬೇಕಾದ ಮಾತು.

ಲೆಕ್ಕ ಹಾಕುವ ಬಗೆ

ಪೋಷಕರು ಸಾಮಾನ್ಯವಾಗಿ ಮೊದಲ ವರ್ಷದ ಶುಲ್ಕವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 2024-25ರಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿಇಟಿ ಮೂಲಕ ದೊರೆಯುವ ಸೀಟಿನ ವಾರ್ಷಿಕ ಶುಲ್ಕ ಸುಮಾರು 76 ಸಾವಿರದಿಂದ 85 ಸಾವಿರ ರೂಪಾಯಿ ಇತ್ತು. ಕಡಿಮೆಯದನ್ನೇ ಹಿಡಿದರೂ ನಾಲ್ಕು ವರ್ಷಕ್ಕೆ 3 ಲಕ್ಷ ದಾಟುತ್ತದೆ. ಊಟ, ವಸತಿಗೆ ತಿಂಗಳಿಗೆ 7 ಸಾವಿರ ಎಂದು ಇಟ್ಟುಕೊಂಡರೆ ವರ್ಷದ ಹತ್ತು ತಿಂಗಳಿಗೆ 70 ಸಾವಿರ, ನಾಲ್ಕು ವರ್ಷಕ್ಕೆ 2 ಲಕ್ಷ 80 ಸಾವಿರ. ಪುಸ್ತಕ, ಲ್ಯಾಪ್‌ಟಾಪ್, ಪ್ರಾಜೆಕ್ಟ್, ಓಡಾಟ ಸೇರದೆಯೇ ಮೊತ್ತ 6 ಲಕ್ಷದ ಸಮೀಪಕ್ಕೆ ಬಂತು. ಇದು ಸಿಇಟಿ ಸೀಟಿನ ಲೆಕ್ಕ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಒಂದು ವರ್ಷದ ಶುಲ್ಕವೇ ಹಲವು ಲಕ್ಷ ಆಗಬಹುದು. 6 ಲಕ್ಷವನ್ನು ಶೇ. 10ರ ಬಡ್ಡಿಗೆ ತಂದರೆ ವರ್ಷಕ್ಕೆ ಬಡ್ಡಿಯೇ 60 ಸಾವಿರ. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಓದಿನ ಅವಧಿ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲವಾದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ಹೇಳುವವರು ಕಡಿಮೆ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳುವಂತಿಲ್ಲ. ಆದುದರಿಂದ ಪಹಣಿ ಹಿಡಿದು ಖಾಸಗಿ ಲೇವಾದೇವಿದಾರರ ಬಳಿ ಹೋಗುವ ಮುನ್ನ ಬ್ಯಾಂಕಿನ ಬಾಗಿಲು ತಟ್ಟಬೇಕು.

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿಸಿಎ ವೆಚ್ಚ ಇದರ ಮುಂದೆ ತೀರಾ ಕಡಿಮೆ. ಖಾಸಗಿ ಕಾಲೇಜಿನ ಬಿಸಿಎ ಶುಲ್ಕ ಮಾತ್ರ ಊರಿಂದೂರಿಗೆ ಬದಲಾಗುತ್ತದೆ. ಬೆಂಗಳೂರಿನ ಕೆಲವು ಸಂಸ್ಥೆಗಳಲ್ಲಿ ಅದು ಎಂಜಿನಿಯರಿಂಗ್ ಸಿಇಟಿ ಸೀಟಿಗಿಂತ ದುಬಾರಿ. "ಬಿಸಿಎ ಅಂದರೆ ಅಗ್ಗ" ಎಂಬ ಮಾತು ಕಾಲೇಜಿನ ಹೆಸರಿಲ್ಲದೆ ಅರ್ಥವಿಲ್ಲದ್ದು.

ಇದರ ಇನ್ನೊಂದು ಮುಖವನ್ನು ಮರೆಯಬಾರದು. ಆದಾಯ ಮಿತಿಯೊಳಗಿನ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರ ವಿದ್ಯಾರ್ಥಿಗಳಿಗೆ ಸಿಇಟಿ ಸೀಟಿನಲ್ಲಿ ಶುಲ್ಕ ವಿನಾಯಿತಿ ಇದೆ. ವಾರ್ಷಿಕ 8 ಲಕ್ಷಕ್ಕಿಂತ ಕಡಿಮೆ ಆದಾಯದ ಯಾವುದೇ ವರ್ಗದ ಕುಟುಂಬದ ಮಗುವಿಗೆ ರ‍್ಯಾಂಕ್ ಆಧಾರದ ಮೇಲೆ ಬೋಧನಾ ಶುಲ್ಕವಿಲ್ಲದ ಸೂಪರ್‌ನ್ಯೂಮರರಿ ಕೋಟಾ, ಅಂದರೆ ಎಸ್‌ಎನ್‌ಕ್ಯೂ ಸೀಟುಗಳಿವೆ. ತಾಂತ್ರಿಕ ಪದವಿ ಓದುವ ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50 ಸಾವಿರ ರೂಪಾಯಿ. ಇಂತಹ ಮಗುವಿಗೆ ಒಳ್ಳೆಯ ಸೀಟು ದೊರೆತಿರುವಾಗ "ನಿಮಗೆಲ್ಲಿ ಎಂಜಿನಿಯರಿಂಗ್, ಬಿಸಿಎ ಮಾಡಿಸಿ" ಎಂದು ಹೇಳುವುದು ಅನ್ಯಾಯ. ಮ್ಯಾನೇಜ್‌ಮೆಂಟ್ ಕೋಟಾ ಸೀಟಿಗೆ ಮಾತ್ರ ಈ ಶುಲ್ಕ ಮರುಪಾವತಿ ಸಿಗುವುದಿಲ್ಲ. ಅದನ್ನು ತಿಳಿಯದೆ ಸೇರಿ ಎರಡನೆಯ ವರ್ಷದಲ್ಲಿ ಓದು ಬಿಡುವ ಸಂದರ್ಭಗಳು ಬರುತ್ತವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಲೆಕ್ಕ ಬೇರೆಯೇ ಆಗಿದೆ. ಪಿಯುಸಿ ಮುಗಿಸಿದ ಮಗಳನ್ನು ದೂರದ ಊರಿನ ಹಾಸ್ಟೆಲಿಗೆ ಕಳುಹಿಸಲು ಹಿಂಜರಿಯುವ ಮನೆಗಳು ಇಂದಿಗೂ ಇವೆ. ಆ ಹಿಂಜರಿಕೆಯನ್ನು ಭಾಷಣದಿಂದ ತೆಗೆಯಲಾಗದು. ಆದರೆ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಸಿಎ ಇದ್ದರೆ, ಅಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ; 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವೂ ಉಚಿತ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುವ ಓದಿಗೆ ಒಪ್ಪಿದ ತಂದೆ, ಮೂರು ವರ್ಷದ ನಂತರ ಮಗಳು ಉದ್ಯೋಗಕ್ಕೆ ಬೇರೆ ಊರಿಗೆ ಹೊರಟಾಗ ಹೆಚ್ಚು ತಡೆಯುವುದಿಲ್ಲ ಎಂಬುದನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇನೆ.

ಪದವಿಯ ನಂತರ ಏನು?

ಯಾವುದೇ ಪದವಿ ಸಾಕೆನ್ನುವ ಪರೀಕ್ಷೆಗಳಿಗೆ ಬಿಸಿಎಯೂ ಪದವಿಯೇ. ಕೆಎಎಸ್, ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿ, ಪ್ರಥಮ ದರ್ಜೆ ಸಹಾಯಕ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹುದ್ದೆಗಳೆಲ್ಲ ಈ ಸಾಲಿನವು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ಈ ಲೇಖಕನೂ ಕೊನೆಗೆ ಬಂದು ಕುಳಿತದ್ದು ಯಾವ ಪದವಿಯಾದರೂ ಸಾಕೆನ್ನುವ ಕುರ್ಚಿಯಲ್ಲಿಯೇ.

ಖಾಸಗಿ ವಲಯದಲ್ಲಿ ದೊಡ್ಡ ಸಾಫ್ಟ್‌ವೇರ್ ಸಂಸ್ಥೆಗಳು ಬಿಸಿಎ ಮತ್ತು ಬಿ.ಎಸ್ಸಿ ಪದವೀಧರರನ್ನು ಪ್ರತ್ಯೇಕ ಪ್ರಕ್ರಿಯೆಯಲ್ಲಿ ನೇಮಿಸಿಕೊಳ್ಳುತ್ತವೆ. ವಿಪ್ರೋ ಸಂಸ್ಥೆಯು ಇಂತಹವರನ್ನು ಕೆಲಸಕ್ಕೆ ತೆಗೆದುಕೊಂಡು, ಕೆಲಸದ ಜೊತೆಗೇ ಎಂ.ಟೆಕ್ ಓದಿಸುವ ಕಾರ್ಯಕ್ರಮವನ್ನು ನಡೆಸುತ್ತ ಬಂದಿದೆ. ಟಿಸಿಎಸ್ ಸಂಸ್ಥೆಯಲ್ಲಿಯೂ ಬಿಸಿಎ, ಬಿ.ಎಸ್ಸಿ ಪದವೀಧರರಿಗಾಗಿಯೇ ನೇಮಕಾತಿ ಇದೆ. ಆದರೆ ಆರಂಭದ ವೇತನ ಸಾಮಾನ್ಯವಾಗಿ ಬಿ.ಇ. ಪದವೀಧರರಿಗಿಂತ ಕಡಿಮೆ ಇರುತ್ತದೆ. ಕೆಲವು ಸಂಸ್ಥೆಗಳು ಬಿ.ಇ. ಇಲ್ಲದವರ ಅರ್ಜಿಯನ್ನೇ ಸ್ವೀಕರಿಸುವುದಿಲ್ಲ. ಇದನ್ನು ಪೋಷಕರಿಂದ ಮರೆಮಾಚಬಾರದು. ಎರಡು ಮೂರು ವರ್ಷದ ಅನುಭವವಾದ ಬಳಿಕ ಪದವಿಯ ಹೆಸರಿಗಿಂತ ಕೈಯಲ್ಲಿರುವ ಕೆಲಸವನ್ನು ನೋಡುವುದು ಈ ಕ್ಷೇತ್ರದ ವಾಡಿಕೆ.

ಆ ಅಂತರವನ್ನು ತುಂಬುವ ಸೇತುವೆ ಎಂಸಿಎ. 2020-21ರಿಂದ ಇದು ಎರಡು ವರ್ಷದ ಕೋರ್ಸಾಗಿದೆ. ರಾಜ್ಯದಲ್ಲಿ ಪಿಜಿಸಿಇಟಿ ಮೂಲಕವೂ, ಸುರತ್ಕಲ್‌ನ ಎನ್‌ಐಟಿಕೆಯಂತಹ ರಾಷ್ಟ್ರೀಯ ಸಂಸ್ಥೆಗಳಿಗೆ ನಿಮ್‌ಸೆಟ್ ಪರೀಕ್ಷೆಯ ಮೂಲಕವೂ ಪ್ರವೇಶ ದೊರೆಯುತ್ತದೆ. ಪಿಯುಸಿಯಲ್ಲಿ ಸುರತ್ಕಲ್ ಕನಸಾಗಿದ್ದ ಹುಡುಗಿಗೆ ಮೂರು ವರ್ಷದ ನಂತರ ಅದೇ ಆವರಣಕ್ಕೆ ಎರಡನೆಯ ಅವಕಾಶ ಸಿಗುತ್ತದೆ ಎಂಬುದು ಸಾಮಾನ್ಯ ಸಂಗತಿಯಲ್ಲ. ಬ್ಯಾಂಕುಗಳ ಐಟಿ ಅಧಿಕಾರಿ ಹುದ್ದೆಗೆ ಬಿಸಿಎ ಒಂದೇ ಸಾಲದು, ಎಂಸಿಎ ಸಾಕು. ನಮ್ಮ ಇ-ಸ್ವತ್ತು ತಂತ್ರಾಂಶವನ್ನು ರೂಪಿಸಿದ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವೂ ತನ್ನ ವಿಜ್ಞಾನಿ ಹುದ್ದೆಗಳಿಗೆ ಬಿ.ಇ. ಪದವೀಧರರ ಜೊತೆ ಎಂಸಿಎ ಓದಿದವರನ್ನೂ ಪರಿಗಣಿಸಿದೆ. ಬಿಸಿಎ ಮತ್ತು ಎಂಸಿಎ ಸೇರಿ ಐದು ವರ್ಷ, ಬಿ.ಇ.ಗಿಂತ ಒಂದು ವರ್ಷ ಹೆಚ್ಚು. ಆದರೆ ನಡುವೆ ಮೂರನೆಯ ವರ್ಷದ ಕೊನೆಗೆ ನಿಂತು, ಮನೆಯ ಪರಿಸ್ಥಿತಿ ನೋಡಿ, ಕೆಲಸಕ್ಕೆ ಸೇರಬಹುದು. ಬಿ.ಇ. ಓದನ್ನು ಮೂರನೆಯ ವರ್ಷಕ್ಕೆ ನಿಲ್ಲಿಸಿದವನ ಕೈಯಲ್ಲಿ ಪದವಿ ಇರುವುದಿಲ್ಲ. ಮಳೆಯನ್ನೇ ನಂಬಿದ ಮನೆಗಳಿಗೆ ಈ ವ್ಯತ್ಯಾಸ ಮುಖ್ಯವೆಂದು ನನ್ನ ಎಣಿಕೆ.

ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಹೋಗುವ ಯೋಚನೆಯುಳ್ಳವರು ಒಂದನ್ನು ಗಮನಿಸಬೇಕು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನು ಕೇಳುತ್ತವೆ. ಮೂರು ವರ್ಷದ ಬಿಸಿಎ ಅಲ್ಲಿ ತೊಡಕಾಗಬಹುದು.

ಕಾಲೇಜಿನಲ್ಲಿ ಕೇಳಬೇಕಾದದ್ದು

ಬಿಸಿಎ ಪದವಿಯ ಬೆಲೆ ನಿಂತಿರುವುದು ಕಾಲೇಜಿನ ಮೇಲೆ. ಎಂಜಿನಿಯರಿಂಗ್‌ಗಿಂತಲೂ ಇಲ್ಲಿ ಈ ಮಾತು ಹೆಚ್ಚು ಸತ್ಯ, ಏಕೆಂದರೆ ಎರಡು ಕೊಠಡಿ, ಹತ್ತು ಹಳೆಯ ಗಣಕಯಂತ್ರ ಇಟ್ಟುಕೊಂಡು ಬಿಸಿಎ ಫಲಕ ಹಾಕಿದ ಸಂಸ್ಥೆಗಳೂ ಇವೆ. ಎಐಸಿಟಿಇ ಅನುಮೋದನೆ ಮತ್ತು ವಿಶ್ವವಿದ್ಯಾಲಯದ ಸಂಯೋಜನೆ ಚಾಲ್ತಿಯಲ್ಲಿದೆಯೇ ಎಂಬುದನ್ನು ಮೊದಲು ನೋಡಬೇಕು. ಅದು ಕಾಗದದ ಮಾತು. ಅದಕ್ಕಿಂತ ಹೆಚ್ಚಿನದನ್ನು ಪ್ರಯೋಗಾಲಯದ ಬಾಗಿಲಲ್ಲಿ ನಿಂತರೆ ತಿಳಿಯಬಹುದು: ಒಂದು ಯಂತ್ರಕ್ಕೆ ಎಷ್ಟು ವಿದ್ಯಾರ್ಥಿಗಳು, ವಿದ್ಯುತ್ ಹೋದಾಗ ಏನು ವ್ಯವಸ್ಥೆ, ಪಾಠದ ಸಮಯದ ಹೊರಗೆ ಪ್ರಯೋಗಾಲಯ ತೆರೆದಿರುತ್ತದೆಯೇ. ಬೋಧಕರಲ್ಲಿ ಎಂಸಿಎ ಅಥವಾ ಎಂ.ಟೆಕ್ ಓದಿದವರು ಎಷ್ಟು ಮಂದಿ, ವರ್ಷದ ನಡುವೆ ಬದಲಾಗುವ ಅತಿಥಿ ಉಪನ್ಯಾಸಕರು ಎಷ್ಟು ಎಂಬುದನ್ನು ಕಚೇರಿಯಲ್ಲಿ ಕೇಳುವುದಕ್ಕಿಂತ ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕೇಳುವುದು ಮೇಲು. ಕಳೆದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ಫ್ಲೆಕ್ಸ್ ಬೋರ್ಡಿನ ನಾಲ್ಕು ಭಾವಚಿತ್ರಗಳನ್ನು ಉತ್ತರವೆಂದು ಒಪ್ಪಿಕೊಳ್ಳಬಾರದು.

ಕೋರ್ಸಿನ ಹೆಸರಿನೊಂದಿಗೆ ಕೃತಕ ಬುದ್ಧಿಮತ್ತೆ, ಕ್ಲೌಡ್, ಡೇಟಾ ಸೈನ್ಸ್ ಎಂದು ಸೇರಿಸಿ ಹೆಚ್ಚು ಶುಲ್ಕ ಕೇಳುವುದು ಈಚಿನ ರೂಢಿ. ಆ ವಿಷಯಗಳನ್ನು ಕಲಿಸುವವರು ಯಾರು ಎಂದು ಕೇಳಿದರೆ ಅರ್ಧ ಉತ್ತರ ದೊರೆತಂತೆ. ಕೃತಕ ಬುದ್ಧಿಮತ್ತೆಯಿಂದಾಗಿ ಸರಳವಾದ ಕೋಡ್ ಬರೆಯುವ ಆರಂಭಿಕ ಕೆಲಸಗಳ ಸ್ವರೂಪ ಬದಲಾಗುತ್ತಿರುವುದು ನಿಜ. ಇದು ಬಿಸಿಎಗೂ ಬಿ.ಇ.ಗೂ ಸಮಾನವಾಗಿ ಅನ್ವಯಿಸುತ್ತದೆ. ಕಂಠಪಾಠ ಮಾಡಿ ಪ್ರಥಮ ದರ್ಜೆ ಪಡೆದು, ಸ್ವಂತವಾಗಿ ಹತ್ತು ಸಾಲಿನ ಪ್ರೋಗ್ರಾಂ ಬರೆಯಲಾರದವರಿಗೆ ಇವೆರಡರಲ್ಲಿ ಯಾವ ಪದವಿಯೂ ಕೆಲಸ ಕೊಡಿಸುವುದಿಲ್ಲ.

ನಮ್ಮ ಮಕ್ಕಳಿಗೆ ಇನ್ನೊಂದು ಅಡ್ಡಿ ಇಂಗ್ಲಿಷ್. ಕನ್ನಡ ಮಾಧ್ಯಮದ ವಿದ್ಯಾರ್ಥಿ ಮೊದಲ ಸೆಮಿಸ್ಟರಿನಲ್ಲಿ ಮುಗ್ಗರಿಸುವುದು ವಿಷಯ ತಿಳಿಯದೆ ಅಲ್ಲ, ಪುಸ್ತಕದ ಭಾಷೆ ತಿಳಿಯದೆ. ಫಲಿತಾಂಶ ಮತ್ತು ತರಗತಿಗಳ ಆರಂಭದ ನಡುವಿನ ಎರಡು ತಿಂಗಳನ್ನು ಇದಕ್ಕಾಗಿ ಬಳಸಿದರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ.

ಗ್ರಾಮ ಪಂಚಾಯಿತಿಯ ಪಾತ್ರ

ಆ ಎರಡು ತಿಂಗಳಿಗೆ ನಮ್ಮಲ್ಲಿಯೇ ಜಾಗವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವೆಡೆ ಗಣಕಯಂತ್ರ ಮತ್ತು ಅಂತರ್ಜಾಲ ಸಂಪರ್ಕವೂ ಇದೆ. ಲ್ಯಾಪ್‌ಟಾಪ್ ಇಲ್ಲದ ಮನೆಯ ಮಗುವಿಗೆ ಸಂಜೆಯ ಎರಡು ಗಂಟೆ ಆ ಯಂತ್ರವನ್ನು ಬಿಟ್ಟುಕೊಟ್ಟರೆ, ಪ್ರೋಗ್ರಾಮಿಂಗ್‌ನ ಮೊದಲ ಪಾಠಗಳನ್ನು ಕಾಲೇಜಿಗೆ ಕಾಲಿಡುವ ಮುನ್ನವೇ ಕಲಿಯಬಹುದು. ಯಂತ್ರ ಹಾಳಾಗುತ್ತದೆಂಬ ಭಯದಿಂದ ಅದನ್ನು ಬಟ್ಟೆ ಮುಚ್ಚಿ ಇಡುವುದು ಸಲ್ಲದು.

ಪರಿಶಿಷ್ಟರ ಕಲ್ಯಾಣಕ್ಕಾಗಿ ಮೀಸಲಿಡುವ ಸ್ವಂತ ಸಂಪನ್ಮೂಲದ ಪಾಲಿನಲ್ಲಿ ವಿದ್ಯಾರ್ಥಿ ಪ್ರೋತ್ಸಾಹಧನ, ಲ್ಯಾಪ್‌ಟಾಪ್ ನೆರವನ್ನು ನೀಡುವಾಗ ಎಂಜಿನಿಯರಿಂಗ್, ವೈದ್ಯಕೀಯ ವಿದ್ಯಾರ್ಥಿಗಳನ್ನು ಮಾತ್ರ ಪಟ್ಟಿಗೆ ಸೇರಿಸುವ ಅಭ್ಯಾಸ ಕೆಲವೆಡೆ ಕಾಣುತ್ತದೆ. ಮಾರ್ಗಸೂಚಿಗೆ ಒಳಪಟ್ಟು ಬಿಸಿಎ ವಿದ್ಯಾರ್ಥಿಗಳನ್ನೂ ಪರಿಗಣಿಸುವ ವಿಷಯವನ್ನು ಸಾಮಾಜಿಕ ನ್ಯಾಯ ಸಮಿತಿಯಲ್ಲಿ ಚರ್ಚಿಸಬಹುದು. 5 ಸಾವಿರ ರೂಪಾಯಿಯ ಪ್ರಮಾಣಪತ್ರ ಸಹಿತ ಸನ್ಮಾನಕ್ಕಿಂತ ಹೆಚ್ಚು ಕಾಲ ಬಾಳುವುದು ಒಂದು ಲ್ಯಾಪ್‌ಟಾಪ್. ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ. ಅರ್ಜಿ ತಿರಸ್ಕೃತವಾಗುವ ಸಾಮಾನ್ಯ ಕಾರಣಗಳು ಸಣ್ಣವು: ಅವಧಿ ಮುಗಿದ ಆದಾಯ ಪ್ರಮಾಣಪತ್ರ, ಆಧಾರ್ ಮತ್ತು ಅಂಕಪಟ್ಟಿಯಲ್ಲಿನ ಹೆಸರಿನ ವ್ಯತ್ಯಾಸ, ಆಧಾರ್ ಜೋಡಣೆಯಾಗದ ಬ್ಯಾಂಕ್ ಖಾತೆ. ಮಾರ್ಚ್ ತಿಂಗಳಲ್ಲಿ ಒಂದು ದಿನವನ್ನು ಗೊತ್ತುಮಾಡಿ ಬಾಪೂಜಿ ಸೇವಾ ಕೇಂದ್ರದಲ್ಲಿ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿದರೆ ಇವೆಲ್ಲ ಆಗಲೇ ಸರಿಯಾಗುತ್ತವೆ.

ಕೊನೆಯದಾಗಿ ದಿನಾಂಕಗಳ ವಿಷಯ. ಪದವಿ ಕಾಲೇಜುಗಳ ಪ್ರವೇಶ ಪಿಯುಸಿ ಫಲಿತಾಂಶದ ಬೆನ್ನಿಗೇ ಆರಂಭವಾಗುತ್ತದೆ. ಸಿಇಟಿ ಸೀಟು ಹಂಚಿಕೆ ಅದಕ್ಕಿಂತ ಎಷ್ಟೋ ವಾರ ತಡ. ಎಂಜಿನಿಯರಿಂಗ್ ಸೀಟಿಗಾಗಿ ಕಾಯುತ್ತ ಕುಳಿತು, ಅದು ಸಿಗದೆ, ಅತ್ತ ಸರ್ಕಾರಿ ಕಾಲೇಜಿನ ಬಿಸಿಎ ಸೀಟುಗಳೂ ಭರ್ತಿಯಾಗಿ, ಕೊನೆಗೆ ದುಬಾರಿ ಖಾಸಗಿ ಕಾಲೇಜಿಗೆ ಸೇರುವವರು ಪ್ರತಿ ವರ್ಷ ಇರುತ್ತಾರೆ. ಆದುದರಿಂದ ಸರ್ಕಾರಿ ಕಾಲೇಜಿನ ಬಿಸಿಎಗೆ ಮೊದಲು ಸೇರಿಕೊಂಡು ಸಿಇಟಿ ಪ್ರಕ್ರಿಯೆಯಲ್ಲಿಯೂ ಭಾಗವಹಿಸುವುದು ಜಾಣತನ. ಮುಂದೆ ಎಂಜಿನಿಯರಿಂಗ್ ಸೀಟು ದೊರೆತರೆ ಬಿಸಿಎ ಪ್ರವೇಶವನ್ನು ರದ್ದುಪಡಿಸಬಹುದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ಅಧಿಸೂಚನೆಯ ಪ್ರಕಾರ ಯಾವ ಕಾಲೇಜೂ ವಿದ್ಯಾರ್ಥಿಯ ಮೂಲ ಅಂಕಪಟ್ಟಿಗಳನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವಂತಿಲ್ಲ, ಪರಿಶೀಲಿಸಿ ಹಿಂದಿರುಗಿಸಬೇಕು. ನಿಗದಿತ ದಿನಾಂಕದೊಳಗೆ ಪ್ರವೇಶ ರದ್ದುಪಡಿಸಿದವರಿಗೆ ಶುಲ್ಕ ಹಿಂದಿರುಗಿಸುವ ನಿಯಮವೂ ಇದೆ. ಮೂಲ ದಾಖಲೆ ಕೊಡುವುದಿಲ್ಲವೆಂದು ಕಾಲೇಜು ಹೇಳಿದರೆ ಬಾಯಿಮಾತಿನಲ್ಲಿ ವಾದಿಸದೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯುವಂತೆ, ಅಗತ್ಯವಿದ್ದರೆ ಅದರ ಪ್ರತಿಯನ್ನು ಸಂಬಂಧಿಸಿದ ವಿಶ್ವವಿದ್ಯಾಲಯದ ಕುಲಸಚಿವರಿಗೆ ಕಳುಹಿಸುವಂತೆ ಪೋಷಕರಿಗೆ ತಿಳಿಸುವುದು.